ಮಕ್ಕಳೊಂದಿಗೆ ಹೊಳೆದಂಡೆಯ ನಡಿಗೆ: ಗಾಣಗಾಪುರವೋ, ಸನ್ನತಿಯೋ, ಚಂದ್ರಂಪಳ್ಳಿಯೋ?

ದೀಪಾವಳಿ ಮುಗಿದು ಬಿಸಿಲಿನ ಜೋರು ಸ್ವಲ್ಪ ಇಳಿಯಿತೆಂದರೆ ಸಾಕು, ಕಲಬುರಗಿ ಕಡೆಯ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮೊಬೈಲು ಬಿಡಿಸಿ ಇಬ್ಬರನ್ನೂ ಎಲ್ಲಾದರೂ ಹೊಳೆಯ ದಂಡೆಗೆ ನಡೆಸಿಕೊಂಡು ಹೋಗಬೇಕು. ಗಾಣಗಾಪುರದ ಸಂಗಮ ಸಾಕೋ, ಸನ್ನತಿಗೆ ಹೋಗೋಣವೋ, ಚಂದ್ರಂಪಳ್ಳಿಯ ಕಾಡು ಹಿಡಿಯೋಣವೋ? ಬೀದರಿನವರು ಇದಕ್ಕೆ ಕಾರಂಜಾ ಹಿನ್ನೀರನ್ನು ಸೇರಿಸುತ್ತಾರೆ. ಯಾದಗಿರಿಯವರು ಬೋನಾಳ ಕೆರೆಯನ್ನೋ ಕೃಷ್ಣೆಯ ದಂಡೆಯನ್ನೋ ಹೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲಾಗದು. ಏನನ್ನು ನೋಡಿ ಆರಿಸಬೇಕು ಎಂಬುದನ್ನು ಹೇಳಬಹುದು.

ಗುರುತು ಹಾಕಿದ ಚಾರಣದ ಹಾದಿಗಳು ನಮ್ಮ ಮೂರು ಜಿಲ್ಲೆಗಳಲ್ಲಿ ಕಡಿಮೆ. ದನ ನೀರಿಗೆ ಇಳಿಯುವ ದಾರಿ, ಹೊಲದ ಬದು, ಗುಡಿಯಿಂದ ಘಟ್ಟಕ್ಕೆ ಹೋಗುವ ಮೆಟ್ಟಿಲು, ಕೆರೆಯ ಏರಿ, ಇವೇ ನಮ್ಮ ಹಾದಿಗಳು. ಇವುಗಳಲ್ಲಿ ದೊಡ್ಡವರಿಗೆ ತೊಂದರೆಯಿಲ್ಲ. ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಹೊರಟಾಗ ಲೆಕ್ಕವೇ ಬೇರೆ.

ಮೊದಲು ನೀರಿನ ಅಂಚು

ಹೆಚ್ಚಿನವರು ನೋಟ ಚೆನ್ನಾಗಿದೆಯೇ ಎಂದು ಕೇಳುತ್ತಾರೆ. ನನ್ನ ಮೊದಲ ಪ್ರಶ್ನೆ: ಅಲ್ಲಿ ನೆಲ ಮುಗಿದು ನೀರು ಶುರುವಾಗುವ ಜಾಗ ಹೇಗಿದೆ? ಮಕ್ಕಳು ನದಿಯನ್ನು ದೂರದಿಂದ ನೋಡಿ ಸುಮ್ಮನಾಗುವವರಲ್ಲ. ಕಲ್ಲೆಸೆಯಬೇಕು, ಕೈ ಅದ್ದಬೇಕು, ಚಪ್ಪಲಿ ತೊಯ್ಯಿಸಬೇಕು. ಹಾಗಾಗಿ ದಂಡೆಯ ಗುಣವೇ ಆಯ್ಕೆಯ ಮುಕ್ಕಾಲು ಭಾಗವನ್ನು ತೀರ್ಮಾನಿಸುತ್ತದೆ.

ನಮ್ಮ ಕಡೆ ಅಂಚುಗಳು ಹೆಚ್ಚುಕಡಿಮೆ ನಾಲ್ಕು ಬಗೆಯವು. ಮೆಟ್ಟಿಲು ಕಟ್ಟಿದ ಘಟ್ಟದಲ್ಲಿ ಕೂರಲು ಅನುಕೂಲವಿದೆ, ಆದರೆ ನೀರಿನ ಮಟ್ಟದ ಮೆಟ್ಟಿಲು ಪಾಚಿಗಟ್ಟಿರುತ್ತದೆ. ಮರಳಿನ ದಂಡೆ ಮಕ್ಕಳಿಗೆ ಹಬ್ಬ. ಆದರೆ ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರಬಹುದು, ಮೇಲಿನಿಂದ ಅದು ಕಾಣುವುದಿಲ್ಲ. ಬಂಡೆಯ ಅಂಚಿನಲ್ಲಿ ನೆಲ ಗಟ್ಟಿ, ಜಾರಿಕೆ ಹೆಚ್ಚು. ನಾಲ್ಕನೆಯದು ಎರೆಮಣ್ಣಿನ ದಂಡೆ. ಭೀಮೆಯ ಉದ್ದಕ್ಕೂ ಇದೇ ಹೆಚ್ಚು, ಇದರ ಮೇಲೆಯೇ ನನಗೆ ಅನುಮಾನವೂ ಹೆಚ್ಚು. ನೀರು ಇಳಿದ ಮೇಲೆ ಎರೆಮಣ್ಣು ಹಾಲಿನ ಕೆನೆಯಂತೆ ಮೇಲೆ ಮಾತ್ರ ಒಣಗುತ್ತದೆ. ಬೂದು ಬಣ್ಣಕ್ಕೆ ತಿರುಗಿ, ಅಂಗೈಯಗಲದ ಹೆಂಚುಗಳಾಗಿ ಬಿರುಕು ಬಿಟ್ಟು, ಅಂಚುಗಳು ತುಸು ಮೇಲೆದ್ದಿರುತ್ತವೆ. ಗಟ್ಟಿ ನೆಲವೆಂದೇ ಅನ್ನಿಸುತ್ತದೆ. ಕೋಲಿನಿಂದ ಒತ್ತಿ ನೋಡಿ: ಬಿರುಕಿನಿಂದ ಕಪ್ಪು ನೀರು ಜಿನುಗಿದರೆ ಕೆಳಗೆ ರಾಡಿ ಇದೆ ಎಂದರ್ಥ. ಅಲ್ಲಿ ಕಾಲಿಟ್ಟ ಮಗು ಮೊಣಕಾಲಿನವರೆಗೆ ಹೂತು ಗಾಬರಿಯಾಗುತ್ತದೆ, ಎತ್ತಲು ಹೋದ ನೀವು ಅದಕ್ಕಿಂತ ಆಳಕ್ಕೆ ಹೂಳುತ್ತೀರಿ. ದಂಡೆ ಕಡಿದಾಗಿದ್ದರೆ ಇನ್ನೊಂದು ಅಪಾಯವೂ ಇದೆ. ನೀರು ಬುಡವನ್ನು ಕೊರೆದು, ಮೇಲಿನ ಮಣ್ಣು ಚಾಚಿಕೊಂಡು ನಿಂತಿರುತ್ತದೆ. ತುದಿಗೆ ಹೋಗಿ ಬಗ್ಗಿ ನೋಡುವ ಆಟವನ್ನು ಅಲ್ಲಿ ಆಡಿಸಬಾರದು.

ಎರಡನೆಯ ಪ್ರಶ್ನೆ: ನೀರನ್ನು ಬಿಡುವವರು ಯಾರು? ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬರುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಗೇಟುಗಳನ್ನು ಅದಕ್ಕೆ ತಕ್ಕಂತೆ ತೆರೆಯುತ್ತಾರೆ. ಕೃಷ್ಣೆಯ ಹರಿವು ನಾರಾಯಣಪುರದ ಬಸವಸಾಗರ ಜಲಾಶಯದ ಕೈಯಲ್ಲಿದೆ. ಎಂದರೆ ನಮ್ಮಲ್ಲಿ ಒಂದು ಹನಿ ಬೀಳದ ದಿನವೂ ಹೊಳೆ ಏರಬಹುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿನವರು ಮರೆತಿಲ್ಲ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ದೊಡ್ಡ ಹೊಳೆಗಳ ದಂಡೆ ಬೇಡ. ಆ ತಿಂಗಳುಗಳಿಗೆ ಬೇರೆ ಆಯ್ಕೆಗಳಿವೆ, ಮುಂದೆ ಹೇಳುತ್ತೇನೆ.

ಮೂರನೆಯದು ನೆರಳು. ಡಿಸೆಂಬರಿನಲ್ಲೂ ಕಲಬುರಗಿಯ ಹನ್ನೊಂದು ಗಂಟೆಯ ಬಿಸಿಲು ನೆತ್ತಿ ಸುಡುತ್ತದೆ. ನಮ್ಮ ದಂಡೆಗಳಲ್ಲಿ ಮರವೆಂದರೆ ಬಳ್ಳಾರಿ ಜಾಲಿ; ಅದರ ನೆರಳಿಗಿಂತ ಮುಳ್ಳೇ ಹೆಚ್ಚು. ಹವಾಯಿ ಚಪ್ಪಲಿಯ ಅಡಿಯನ್ನು ಆ ಮುಳ್ಳು ಸೀಳಿಕೊಂಡು ಬರುತ್ತದೆ, ಮಕ್ಕಳಿಗೆ ಶಾಲೆಯ ಶೂಗಳೇ ಸರಿ.

ನಾಲ್ಕನೆಯದು ಕಾಲಿನ ಶಕ್ತಿ. ನಾಲ್ಕು ವರ್ಷದ ಮಗು ಒಂದು ಗಂಟೆಗೆ 1 ಕಿಲೋಮೀಟರ್ ನಡೆದರೆ ಹೆಚ್ಚು, ಏಕೆಂದರೆ ಪ್ರತಿ ಇರುವೆಯ ಗೂಡಿಗೂ ನಿಲ್ಲುತ್ತದೆ. ಏಳೆಂಟು ವರ್ಷದವರು ಬೆಳಗಿನ ತಂಪಿನಲ್ಲಿ 4 ಕಿಲೋಮೀಟರ್ ನಡೆದಾರು. ದೂರವನ್ನು ಎಂದೂ ಹೋಗಿಬರುವ ಲೆಕ್ಕದಲ್ಲೇ ಹಾಕಿ, ಮನೆಯ ಅತಿ ಚಿಕ್ಕ ಮಗುವಿನ ಕಾಲಿಗೇ ಹಾಕಿ. ಹೆಗಲ ಮೇಲೆ ಹೊತ್ತು ಬರುತ್ತೇನೆ ಎನ್ನುವ ಅಪ್ಪಂದಿರು ಮೊದಲು ಮನೆಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿಳಿಯಲಿ, ಆಮೇಲೆ ಮಾತು. ಇವುಗಳ ನಂತರ ಶೌಚಾಲಯ, ಊಟ, ರಸ್ತೆ, ಖರ್ಚು.

ಗಾಣಗಾಪುರ: ಸುಲಭ, ಅಗ್ಗ, ಗದ್ದಲ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಗೆ ಅಮರ್ಜಾ ಬಂದು ಸೇರುತ್ತದೆ. ದತ್ತಾತ್ರೇಯನ ಮಠ ಊರೊಳಗಿದೆ, ಸಂಗಮ ಊರಿನಿಂದ ಸುಮಾರು 3 ಕಿಲೋಮೀಟರ್. ಕಲಬುರಗಿಯಿಂದ ಬಸ್ಸು ಧಾರಾಳವಾಗಿದೆ. ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲದ್ದರಿಂದ ಅಜ್ಜಿ, ಅತ್ತಿಗೆ, ಹೆಣ್ಣುಮಕ್ಕಳೆಲ್ಲ ಹೊರಟರೂ ಖರ್ಚು ಊಟತಿಂಡಿಗೆ ಮಾತ್ರ. ಊರಿನಿಂದ ಸಂಗಮಕ್ಕೆ ಆಟೊಗಳಿವೆ. ಇದೇ ಈ ಜಾಗದ ದೊಡ್ಡ ಅನುಕೂಲ: ಹೋಗುವಾಗ ನಡೆಯಿರಿ, ಮಗು ಸೋತರೆ ಬರುವಾಗ ಆಟೊ ಹತ್ತಿ. ಇಂಥ ಸೌಕರ್ಯ ಬೇರೆ ಯಾವ ದಂಡೆಯಲ್ಲೂ ಇಷ್ಟು ಸಲೀಸಾಗಿ ಸಿಗದು. ತಿನ್ನಲು ಕುಡಿಯಲು ಅಂಗಡಿಗಳಿವೆ, ಶೌಚಾಲಯವಿದೆ, ಸಂಗಮದಲ್ಲಿ ಔದುಂಬರದ ನೆರಳಿದೆ.

ಕೊರತೆಯೂ ಅಲ್ಲೇ ಇದೆ. ನಡಿಗೆಯ ಬಹುಪಾಲು ವಾಹನ ಓಡಾಡುವ ರಸ್ತೆಯ ಬದಿಯಲ್ಲಿ. ಘಟ್ಟದ ನೀರಿನಲ್ಲಿ ಭಕ್ತರು ಬಿಟ್ಟ ಬಟ್ಟೆ, ತೆಂಗಿನ ಚಿಪ್ಪು. ಮಗು ಕಾಲಿಡುವ ಮುನ್ನ ನೀವು ನೋಡಬೇಕು. ಗುರುವಾರ, ಹುಣ್ಣಿಮೆ, ದತ್ತ ಜಯಂತಿಯಂದು ಹೋದರೆ ನದಿಗಿಂತ ಜನರನ್ನೇ ನೋಡಿ ಬರುತ್ತೀರಿ. ಮಂಗಳವಾರ, ಬುಧವಾರಗಳಂದು ಬೆಳಿಗ್ಗೆ ಎಂಟಕ್ಕೇ ಅಲ್ಲಿದ್ದರೆ ಇದೇ ಜಾಗ ಬೇರೆಯಾಗಿ ಕಾಣುತ್ತದೆ. ಐದು ವರ್ಷದೊಳಗಿನ ಮಕ್ಕಳು, ಹಿರಿಯರು ಜೊತೆಗಿರುವ, ಸ್ವಂತ ವಾಹನವಿಲ್ಲದ ಕುಟುಂಬಕ್ಕೆ ನನ್ನ ಮೊದಲ ಸಲಹೆ ಇದೇ. ಕಾಡು, ಏಕಾಂತ ಬೇಕೆನ್ನುವವರಿಗೆ ಇದು ಹಿಡಿಸದು. ಅದೇ ತಾಲ್ಲೂಕಿನ ಘತ್ತರಗಿಯ ಭಾಗ್ಯವಂತಿ ಗುಡಿಯ ಬಳಿಯೂ ಭೀಮೆಯ ದಂಡೆಯಿದೆ. ಅನುಕೂಲ, ಅನನುಕೂಲ ಎರಡೂ ಹೀಗೆಯೇ. ಅಮಾವಾಸ್ಯೆಯ ದಿನ ಮಾತ್ರ ತಪ್ಪಿಸಿ.

ಸನ್ನತಿ: ಕಥೆ ಕೇಳುವ ವಯಸ್ಸಿನವರಿಗೆ

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಭೀಮೆಯ ದಂಡೆಗೆ ಚಂದ್ರಲಾ ಪರಮೇಶ್ವರಿಯ ಗುಡಿ, ಅಲ್ಲಿಂದ ಎರಡು ಮೂರು ಕಿಲೋಮೀಟರ್ ಆಚೆ ಕನಗನಹಳ್ಳಿಯ ಬೌದ್ಧ ಸ್ತೂಪದ ತಾಣ. ಇವೆರಡರ ನಡುವಿನ ನಡಿಗೆಯೇ ಇಲ್ಲಿನ ಚಾರಣ. 1986ರಲ್ಲಿ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಗೊತ್ತಾಯಿತು. ಆಮೇಲೆ ಕನಗನಹಳ್ಳಿಯ ದಿಬ್ಬವನ್ನು ಅಗೆದಾಗ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ರಾಜನ ಶಿಲ್ಪವೇ ಸಿಕ್ಕಿತು. ಏಳೆಂಟು ವರ್ಷದ ಮಗುವಿಗೆ ದೇವಿಯ ಕೆಳಗೆ ಅಡಗಿದ್ದ ಕಲ್ಲಿನ ಕಥೆಯನ್ನು ಗುಡಿಯಲ್ಲಿ ಹೇಳಿ, ರಾಜನ ಕಥೆಯನ್ನು ಕನಗನಹಳ್ಳಿಗೆ ಉಳಿಸಿಕೊಂಡರೆ ನಡುವಿನ ದಾರಿಯನ್ನು ಅದು ತಕರಾರಿಲ್ಲದೆ ನಡೆಯುತ್ತದೆ. ಇನ್ನೆಷ್ಟು ದೂರ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಶಿಲಾಫಲಕಗಳಲ್ಲಿ ಆನೆ, ಕುದುರೆಗಳನ್ನು ಹುಡುಕುವ ಕೆಲಸ ಕೊಟ್ಟರೆ ಅಲ್ಲಿಯೂ ಅರ್ಧ ಗಂಟೆ ಕಳೆಯುತ್ತದೆ.

ಆದರೆ ನೆರಳು ಇಲ್ಲವೆಂದೇ ತಿಳಿಯಿರಿ. ಎರಡೂ ಕಡೆ ತೊಗರಿ, ಹತ್ತಿ, ಹಿಂಗಾರಿ ಜೋಳದ ಬಯಲು. ಬೆಳಿಗ್ಗೆ ಏಳೂವರೆಗೆ ನಡೆಯಲು ಶುರು ಮಾಡಿ ಹತ್ತಕ್ಕೆ ಮುಗಿಸುವುದಾದರೆ ಮಾತ್ರ ಈ ದಾರಿ. ಗುಡಿಯ ಬಳಿ ಇಳಿದರೆ ನದಿ ಕಾಣುತ್ತದೆ, ಆದರೆ ಇಲ್ಲಿನದು ನಾನು ಹೇಳಿದ ಎರೆಮಣ್ಣಿನ ಅಂಚು, ಬ್ಯಾರೇಜ್ ಕೂಡ ಹತ್ತಿರದಲ್ಲಿದೆ. ಹೊಳೆಯನ್ನು ನೋಡಲು ಸರಿ, ಆಡಲು ಅಲ್ಲ. ಊಟಕ್ಕೆ ಏನನ್ನೂ ನಂಬದೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಒಬ್ಬೊಬ್ಬರಿಗೆ 2 ಲೀಟರ್ ನೀರು ಇರಲಿ. ನಾಲವಾರ ನಿಲ್ದಾಣಕ್ಕೆ ರೈಲು ಬರುತ್ತದಾದರೂ ಅಲ್ಲಿಂದ ಮುಂದೆ ಟಂಟಂ ಕಾಯುವುದು ಮಕ್ಕಳೊಂದಿಗೆ ಆಗದ ಮಾತು. ಎರಡು ಮೂರು ಕುಟುಂಬ ಸೇರಿ ಕ್ರೂಸರ್ ಬಾಡಿಗೆ ಹಿಡಿದರೆ ತಲೆಗೆ ಬೀಳುವ ಹಣ ಹಗುರಾಗುತ್ತದೆ, ಗಾಡಿ ಕನಗನಹಳ್ಳಿಯಲ್ಲಿ ಕಾಯ್ದರೆ ಒಂದೇ ದಿಕ್ಕಿಗೆ ನಡೆದರೆ ಸಾಕು. ಆರು ವರ್ಷ ತುಂಬದ ಮಕ್ಕಳಿದ್ದರೆ ಈ ಆಯ್ಕೆಯನ್ನು ಒಂದೆರಡು ವರ್ಷ ಮುಂದೂಡಿ.

ಕಲ್ಲು, ಕೋಟೆಯ ಆಸೆಯಿದ್ದೂ ಅರ್ಧ ದಿನವಷ್ಟೇ ಬಿಡುವಿದ್ದರೆ ಮಳಖೇಡಕ್ಕೆ ಹೋಗಬಹುದು. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷನ ಊರು. ಕಾಗಿಣಾ ನದಿಯ ದಂಡೆಗೆ ಕೋಟೆಯಿದೆ, ಊರಲ್ಲಿ ನೇಮಿನಾಥ ಬಸದಿಯಿದೆ. ನಡಿಗೆ ಚಿಕ್ಕದು. ಈ ಭಾಗದ ನೆಲದಲ್ಲಿ ಶಹಾಬಾದಿನ ಫರಸಿ ಕಲ್ಲು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ತೆಳ್ಳಗಿನ ಚೂರುಗಳನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದನ್ನು ಕಲಿಸಿದರೆ ಮಕ್ಕಳು ಮನೆಗೆ ಬರಲು ಒಪ್ಪುವುದಿಲ್ಲ. ತೊಯ್ದ ಫರಸಿಯ ಮೇಲೆ ಮಾತ್ರ ಓಡಲು ಬಿಡಬೇಡಿ. ಸೇಡಂ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳ ಓಡಾಟ ಹೆಚ್ಚು, ದ್ವಿಚಕ್ರ ವಾಹನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಎರಡು ಸಲ ಯೋಚಿಸಲಿ.

ಚಂದ್ರಂಪಳ್ಳಿ: ನಿಜವಾದ ಚಾರಣ ಬೇಕಾದವರಿಗೆ

ಬಯಲುಸೀಮೆಯ ಮಕ್ಕಳಿಗೆ ಕಾಡು ತೋರಿಸಬೇಕೆಂದರೆ ಮೂರೂ ಜಿಲ್ಲೆಗಳಲ್ಲಿ ಇದಕ್ಕೆ ಸಾಟಿಯಿಲ್ಲ. ತೆಲಂಗಾಣದ ಗಡಿಗೆ ತಾಗಿರುವ ಚಿಂಚೋಳಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಅದರೊಳಗೆ ಗುಡ್ಡಗಳ ನಡುವೆ ಚಂದ್ರಂಪಳ್ಳಿ ಅಣೆಕಟ್ಟಿನ ನೀರು ಹರಡಿಕೊಂಡಿದೆ. ಸುತ್ತ ಲಂಬಾಣಿ ತಾಂಡಾಗಳು. ತೋಳ, ಕತ್ತೆಕಿರುಬ, ನರಿಗಳಿರುವ ಕಾಡು. ಹಗಲಲ್ಲಿ ಅವು ಕಾಣುವುದು ಅಪರೂಪ, ಆದರೆ ನೀರಿನಂಚಿನ ತೇವದ ಮಣ್ಣಿನಲ್ಲಿ ಹೆಜ್ಜೆಗಳಿರುತ್ತವೆ. ಅರಣ್ಯ ಸಿಬ್ಬಂದಿಯೊಬ್ಬರು ಜೊತೆಗಿದ್ದು ಇದು ನಾಯಿಯದು, ಇದು ನರಿಯದು ಎಂದು ಬೆರಳಿಟ್ಟು ತೋರಿಸಿದರೆ ಮಕ್ಕಳು ಮುಂದಿನ ಒಂದು ಗಂಟೆ ನೆಲ ನೋಡಿಕೊಂಡೇ ನಡೆಯುತ್ತಾರೆ.

ಇಲ್ಲಿ ತೂಗಿ ನೋಡಬೇಕಾದ ಸಂಗತಿಗಳು ಹೆಚ್ಚು. ಮೊದಲನೆಯದು ಕಾಲ. ಇದು ಎಲೆ ಉದುರಿಸುವ ಒಣ ಕಾಡು. ಮಳೆ ಮುಗಿದ ಹೊಸದರಲ್ಲಿ ಹೋದರೆ ದಾರಿಯುದ್ದಕ್ಕೂ ಹಸಿರು ನೆರಳು, ಕಣಿವೆಗಳಲ್ಲಿ ಇನ್ನೂ ನೀರಿನ ಸದ್ದು. ಫೆಬ್ರುವರಿಗೆ ಹೋದವರು ಬೋಳು ಕೊಂಬೆಗಳ ಕೆಳಗೆ ಬಿಸಿಲು ಕುಡಿಯುತ್ತಾರೆ. ಆದ್ದರಿಂದ ನವೆಂಬರ್, ಡಿಸೆಂಬರ್ ಇದರ ಸರಿಯಾದ ಹೊತ್ತು. ಮಳೆಗಾಲದಲ್ಲಿ ಹತ್ತಿರದ ಎತ್ತಿಪೋತ ಜಲಪಾತ ಜೋರಾಗಿರುತ್ತದೆ, ಅದನ್ನು ನೋಡಲೆಂದೇ ಜನ ಬರುತ್ತಾರೆ. ಚಿಕ್ಕ ಮಕ್ಕಳನ್ನು ಆ ಜಾರು ಬಂಡೆಗಳಿಗೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ದೂರ. ಕಲಬುರಗಿಯಿಂದ ಚಿಂಚೋಳಿಗೇ 80 ಕಿಲೋಮೀಟರಿಗಿಂತ ಹೆಚ್ಚು, ಅಲ್ಲಿಂದ ಮುಂದೆ ಕಾಡಿನ ದಾರಿ. ಬೆಳಿಗ್ಗೆ ಹೊರಟು ಸಂಜೆ ಮರಳುವುದಾದರೆ ಮಕ್ಕಳು ನಡೆಯುವುದಕ್ಕಿಂತ ಹೆಚ್ಚು ಹೊತ್ತು ಗಾಡಿಯಲ್ಲಿ ಕೂರಬೇಕಾಗುತ್ತದೆ. ರಾತ್ರಿ ಉಳಿದರೆ ಮಾತ್ರ ಈ ಪ್ರಯಾಣಕ್ಕೆ ಬೆಲೆ. ಅದಕ್ಕೆ ಅರಣ್ಯ ಇಲಾಖೆಯ ವ್ಯವಸ್ಥೆಯನ್ನು ಮುಂಚೆಯೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ವನ್ಯಜೀವಿಧಾಮವಾದ್ದರಿಂದ ಒಳಗೆ ಸುತ್ತಲು ಅನುಮತಿ ಬೇಕು. ಅನುಮತಿಯಿಲ್ಲದೆ ನುಗ್ಗಿ ಮಕ್ಕಳಿಗೆ ಕಾನೂನು ಮುರಿಯುವುದನ್ನು ಕಲಿಸಬೇಡಿ. ಒಟ್ಟಿನಲ್ಲಿ ಈ ಪಟ್ಟಿಯಲ್ಲಿ ಹೆಚ್ಚು ಖರ್ಚಿನದು ಇದೇ.

ಮೂರನೆಯದು ಆಸ್ಪತ್ರೆ. ಹಾವು, ಚೇಳು ಎಂದು ಹೆದರಿಸುತ್ತಿಲ್ಲ, ಆದರೆ ಚಿಂಚೋಳಿ ಪಟ್ಟಣವೇ ಹತ್ತಿರದ ಆಸರೆ, ಕಾಡಿನೊಳಗೆ ಮೊಬೈಲ್ ಎಲ್ಲ ಕಡೆ ಸಿಗುತ್ತದೆಂಬ ಭರವಸೆ ಬೇಡ. ಆಸ್ತಮಾ ಇರುವ ಮಗು, ಹಾಲು ಕುಡಿಯುವ ಕೂಸು ಇದ್ದರೆ ಈ ವರ್ಷ ಬಿಡಿ. ಐದು ದಾಟಿದ, ಕೈ ಹಿಡಿದು ನಡೆಯಲು ಒಪ್ಪುವ ಮಕ್ಕಳಿಗೆ ನೀರಿನಂಚಿನಲ್ಲಿ 2 ಕಿಲೋಮೀಟರ್ ಹೋಗಿ ಬರುವುದು ಹಿತವಾದ ನಡಿಗೆ. ಹರಿಯುವ ಹೊಳೆಯಲ್ಲದ್ದರಿಂದ ಸೆಳೆತದ ಭಯ ಕಡಿಮೆ. ಆಳ ಮಾತ್ರ ಬೇಗ ಇಳಿಯುತ್ತದೆ.

ಬೀದರಿನವರಿಗೆ

ಬೀದರ್ ಎತ್ತರದ ನೆಲ, ಚಳಿಗಾಲದ ಬೆಳಗು ಕಲಬುರಗಿಗಿಂತ ತಣ್ಣಗಿರುತ್ತದೆ. ಹಾಗಾಗಿ ನಡೆಯಲು ಒಂದು ಗಂಟೆ ಹೆಚ್ಚು ಸಿಗುತ್ತದೆ, ಸ್ವೆಟರ್ ಮಾತ್ರ ಬೇಕು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯದ ಹಿನ್ನೀರಿನ ದಂಡೆ ಇಳಿಜಾರಿಲ್ಲದ ಬಯಲು. ದೂರದಿಂದಲೇ ಮಕ್ಕಳು ಕಣ್ಣಿಗೆ ಬೀಳುತ್ತಾರೆ, ಇದು ಸಣ್ಣ ಅನುಕೂಲವೇನಲ್ಲ. ನೀರು ಹಿಂದೆ ಸರಿದಂತೆ ರಾಡಿಯ ಪಟ್ಟಿ ಅಗಲವಾಗುತ್ತದೆ, ಅದನ್ನು ದಾಟಿ ನೀರು ಮುಟ್ಟುವ ಹಟ ಬೇಡ. ನೆರಳೂ ಅಂಗಡಿಯೂ ಇಲ್ಲ. ಔರಾದ್ ರಸ್ತೆಯಲ್ಲಿ ಮಾಂಜ್ರಾ ನದಿ ಸಿಗುತ್ತದೆ. ಅದರ ದಂಡೆಯಲ್ಲಿ ಹೊಸಬರಿಗೆ ಗೊತ್ತಾಗದ ಮರಳಿನ ಗುಂಡಿಗಳಿರಬಹುದಾದ್ದರಿಂದ ಊರಿನವರೊಬ್ಬರು ಜೊತೆಗಿದ್ದರೆ ಮಾತ್ರ ಇಳಿಯಿರಿ.

ನೀರು ಎಂದರೆ ಝರಣಿ ನರಸಿಂಹನ ಗುಹೆ ಎನ್ನುವವರಿದ್ದಾರೆ. ದೊಡ್ಡವರ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ಸಾಗುವ ಸುರಂಗ ಅದು. ಭಕ್ತಿ ಬೇರೆ, ಚಾರಣ ಬೇರೆ; ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂಕುನುಗ್ಗಲಿನಲ್ಲಿ ಹೋಗುವುದನ್ನು ನಾನು ಈ ಪಟ್ಟಿಗೆ ಸೇರಿಸಲಾರೆ. ಮೂರು ವರ್ಷದೊಳಗಿನ ಮಕ್ಕಳಿದ್ದರೆ ನಗರದ ಸಮೀಪದ ದೇವದೇವ ವನವೇ ಸಾಕು. ನದಿ ಇಲ್ಲ, ಆದರೆ ಮರಗಳಿವೆ, ಓಡಾಡಲು ಹಾದಿಗಳಿವೆ. ನೀರಿನ ಕಥೆ ಬೇಕಾದ ದೊಡ್ಡ ಮಕ್ಕಳಿಗೆ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ತೋರಿಸಿ. ನೆಲದಡಿ ಸುರಂಗ ಕೊರೆದು ಊರಿಗೆ ನೀರು ತಂದ ವ್ಯವಸ್ಥೆ ಅದು. ಬಾಯಿಬಿಟ್ಟ ಬಾವಿಗಳಿರುವುದರಿಂದ ಕೈ ಬಿಡಬೇಡಿ.

ಯಾದಗಿರಿಯವರಿಗೆ

ಕೃಷ್ಣೆಯಲ್ಲಿ ಮೊಸಳೆಗಳಿವೆ. ಈ ಒಂದು ಮಾತಿನಿಂದಲೇ ನನ್ನ ಆಯ್ಕೆ ನಿರ್ಧಾರವಾಗುತ್ತದೆ. ನಾರಾಯಣಪುರದ ಸಮೀಪದ ಛಾಯಾ ಭಗವತಿಯ ಮೆಟ್ಟಿಲುಗಳು ಸುಂದರ, ತಿಂಥಣಿಯ ಮೌನೇಶ್ವರನ ಸನ್ನಿಧಿಯ ದಂಡೆ ಶಾಂತ. ಎರಡೂ ಕಡೆ ಗುಡಿ ನೋಡಿ, ಎತ್ತರದಲ್ಲಿ ಕುಳಿತು ಬುತ್ತಿ ಬಿಚ್ಚಿ, ಹೊಳೆಗೆ ಕೈ ಮುಗಿದು ಬನ್ನಿ. ಗೇಟು ತೆರೆದ ದಿನಗಳಲ್ಲಿ ಅದೂ ಬೇಡ.

ಮಕ್ಕಳೊಂದಿಗೆ ನಡೆಯಲು ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮವೇ ಮೇಲು. ಸುರಪುರದ ನಾಯಕ ಅರಸರ ಕಾಲದ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಬಣ್ಣದ ಕೊಕ್ಕರೆಗಳೂ ಸಿಗುತ್ತವೆ. ಏರಿಯ ಮೇಲಿನ ನಡಿಗೆ ಸಮತಟ್ಟು, ಬೇಕಾದಲ್ಲಿ ನಿಂತು ತಿರುಗಿಬಿಡಬಹುದು. ಒಂದು ಸಾಧಾರಣ ದುರ್ಬೀನು ಇದ್ದರೆ ನಾಲ್ಕು ವರ್ಷದವರಿಂದ ಹದಿನಾಲ್ಕು ವರ್ಷದವರವರೆಗೆ ಎಲ್ಲರಿಗೂ ಕೆಲಸ ಸಿಗುತ್ತದೆ, ಜಗಳ ಅದಕ್ಕಾಗಿಯೇ ಆದೀತು. ಹಕ್ಕಿಗಳಿಗಾಗಿ ಹೋಗುವುದಾದರೆ ಸೂರ್ಯೋದಯದ ಹೊತ್ತಿಗೆ ಅಲ್ಲಿರಬೇಕು ಎಂಬುದೇ ಇದರ ಕಷ್ಟ. ಯಾದಗಿರಿಯಿಂದಲೇ ಬರುವುದಾದರೆ ಹಿಂದಿನ ರಾತ್ರಿ ಸುರಪುರದಲ್ಲಿ ನೆಂಟರ ಮನೆ ಹಿಡಿಯಿರಿ.

ಕೈ ಬಿಗಿ ಇರುವವರಿಗೆ ಇನ್ನೊಂದು ದಾರಿ

ಹೊಳೆದಂಡೆಯ ಯಾವುದಾದರೂ ಹಳ್ಳಿಯಲ್ಲಿ ನಿಮ್ಮ ಸೋದರಮಾವನ ಹೊಲ ಇದ್ದರೆ ಮೇಲಿನದೆಲ್ಲ ಬಿಟ್ಟು ಎಳ್ಳು ಅಮಾವಾಸ್ಯೆಗೆ ಅಲ್ಲಿಗೆ ಹೋಗಿ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಲು ಹೊರಟ ದಿನ ಮಕ್ಕಳು ಬದುವಿನ ಮೇಲೆ ಎಷ್ಟು ನಡೆದರೆಂದು ಯಾರೂ ಲೆಕ್ಕ ಇಡುವುದಿಲ್ಲ, ಕಾಲು ನೋವೆಂದು ಯಾರೂ ಅಳುವುದಿಲ್ಲ. ದಂಡೆಯ ಯಾವ ಕಡೆ ಗಟ್ಟಿ, ಯಾವ ಕಡೆ ರಾಡಿ ಎಂಬುದು ಮಾವನಿಗೆ ಗೊತ್ತಿರುತ್ತದೆ. ಇನ್ನೊಂದು ತಿಂಗಳು ಕಳೆದು ಹೋದರೆ ಸೀತನಿ, ಅಂದರೆ ಜೋಳದ ಎಳೆ ತೆನೆ, ಸುಡುವ ಹೊತ್ತು.

ಮನೆಯಲ್ಲಿ ಮೂರರ ಮಗುವೂ ಒಂಬತ್ತರ ಮಗುವೂ ಇದ್ದರೆ ಒಂದೇ ಹಾದಿಗೆ ಇಬ್ಬರನ್ನೂ ಒಗ್ಗಿಸಲು ಹೋಗಬೇಡಿ. ದೊಡ್ಡವರಲ್ಲಿ ಒಬ್ಬರು ಚಿಕ್ಕದರೊಂದಿಗೆ ಗಾಡಿಯ ಬಳಿ ನೆರಳಿನಲ್ಲಿ ಉಳಿಯಲಿ, ಇನ್ನೊಬ್ಬರು ದೊಡ್ಡದನ್ನು ಮುಂದಕ್ಕೆ ಕರೆದೊಯ್ಯಲಿ. ಇದಕ್ಕೆ ಗಾಣಗಾಪುರವೂ ಬೋನಾಳವೂ ಅನುಕೂಲ, ಸನ್ನತಿ ಅಲ್ಲ.

ಎಲ್ಲಿಗೇ ಹೋಗುವುದಾದರೂ ಹಿಂದಿನ ಸಂಜೆ ಅಲ್ಲಿನ ಪರಿಚಯದವರಿಗೆ ಒಂದು ಫೋನ್ ಮಾಡಿ, ನೀರು ಬಿಟ್ಟಿದ್ದಾರೆಯೇ, ದಾರಿ ಒಣಗಿದೆಯೇ ಎಂದು ಕೇಳಿ; 108 ಸಂಖ್ಯೆ ಮಕ್ಕಳಿಗೂ ಗೊತ್ತಿರಲಿ. ನೀರು ಬಿಟ್ಟ ಸುದ್ದಿ ಬಂದರೆ, ಇಲ್ಲವೇ ದಂಡೆ ಬೇಡವೆಂದ ಆ ಮಳೆಯ ತಿಂಗಳುಗಳಾದರೆ, ಕಲಬುರಗಿಯವರು ಮಳಖೇಡದ ಕೋಟೆಯೊಳಗೇ ಸುತ್ತಿ ಬರಲಿ, ಯಾದಗಿರಿಯವರು ಬೋನಾಳದ ಏರಿಗೆ ಹೋಗಲಿ, ಬೀದರಿನವರು ದೇವದೇವ ವನಕ್ಕೆ. ಕಟ್ಟಿದ ಬುತ್ತಿಯನ್ನು ಅಲ್ಲಿಯೂ ಬಿಚ್ಚಬಹುದು.